ಶಾಲೆ ಬಿಟ್ಟ ಮೇಲೂ ಮೈದಾನದ ಗೇಟು ತೆರೆದಿರಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್‌ಗೆ. ಅದು ಗಣಿತಕ್ಕೋ ವಿಜ್ಞಾನಕ್ಕೋ ಸೇರಿಹೋಗುತ್ತದೆ. ಸಂಜೆ ಶಾಲೆ ಬಿಟ್ಟೊಡನೆ ಮೈದಾನದ ಗೇಟಿಗೆ ಬೀಗ. ಜೂನ್ 21ರಂದು ಯೋಗ ದಿನ, ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯ ದಿನ ಆಚರಿಸುವ ಊರುಗಳಲ್ಲೇ ಉಳಿದ ದಿನಗಳಂದು ಕೈಕಾಲು ಆಡಿಸಲು ಜಾಗವಿಲ್ಲ. ದೈಹಿಕ ಚಟುವಟಿಕೆ ಮನಸ್ಸಿಗೆ ಒಳ್ಳೆಯದು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಅದನ್ನು ಅವರವರ ಛಲಕ್ಕೆ ಬಿಟ್ಟು ಸುಮ್ಮನಾಗುತ್ತಾರೆ. ಖಿನ್ನತೆಯಲ್ಲಿರುವವರು ಮೊದಲು ಕಳೆದುಕೊಳ್ಳುವುದೇ ಆ ಛಲವನ್ನು. ಆದ್ದರಿಂದ ಈ ಪತ್ರದ ಬೇಡಿಕೆ ಒಂದೇ: ಸರ್ಕಾರಿ ಶಾಲೆಗಳ ಮೈದಾನಗಳನ್ನು ಬೆಳಿಗ್ಗೆ ಮತ್ತು ಸಂಜೆ ಊರಿನವರಿಗೆ ತೆರೆಯಬೇಕು, ಅಲ್ಲಿ ವಾರಕ್ಕೆ ಮೂರು ದಿನವಾದರೂ ಒಬ್ಬರು ಜೊತೆಗಿದ್ದು ನಡೆಸುವ ಸಣ್ಣ ಗುಂಪು ಇರಬೇಕು.

ಗುಂಪು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯಿದ್ದ, 50 ದಾಟಿದ 156 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ 30 ನಿಮಿಷಗಳ ವ್ಯಾಯಾಮ, ಮೂರನೆಯದಕ್ಕೆ ಎರಡೂ. 16 ವಾರಗಳ ಕೊನೆಗೆ ಮೂರೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿತ್ತು. ಆರಂಭದ ವಾರಗಳಲ್ಲಿ ಮಾತ್ರೆ ಬೇಗ ಕೆಲಸ ಮಾಡಿತ್ತು ಎಂಬುದನ್ನೂ, ಏನೂ ಚಿಕಿತ್ಸೆ ಪಡೆಯದ ಗುಂಪೊಂದು ಆ ಅಧ್ಯಯನದಲ್ಲಿ ಇರಲಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಬೇಕು. ಆದರೆ ವ್ಯಾಯಾಮದ ಫಲವನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಇನ್ನೊಂದಿದೆ. ಅಲ್ಲಿ ವ್ಯಾಯಾಮ ಮಾಡಿದವರು ಮನೆಯಲ್ಲಿ ಒಬ್ಬೊಬ್ಬರೇ ಮಾಡಲಿಲ್ಲ. ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ, ಒಟ್ಟಿಗೆ, ಮೇಲ್ವಿಚಾರಕರ ಎದುರು ಮಾಡಿದರು. ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಜೂನ್‌ನಲ್ಲಿ ಹೊರಡಿಸಿದ ಖಿನ್ನತೆಯ ಮಾರ್ಗಸೂಚಿಯೂ ತೀವ್ರವಲ್ಲದ ಖಿನ್ನತೆಗೆ ಇರುವ ಆಯ್ಕೆಗಳಲ್ಲಿ ಗುಂಪು ವ್ಯಾಯಾಮವನ್ನು ಸೇರಿಸಿದೆ: ಸುಮಾರು ಎಂಟು ಮಂದಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ, 10 ವಾರ, ತರಬೇತಿ ಇರುವವರ ಮುಂದಾಳತ್ವ. ಎಂಟು ಜನ, ಹತ್ತು ವಾರ, ಒಬ್ಬ ಮುಂದಾಳು. ನಮ್ಮ ಯಾವ ಹೋಬಳಿ ಕೇಂದ್ರದಲ್ಲಿ ಇಷ್ಟು ಸಾಧ್ಯವಿಲ್ಲ?

ಎಷ್ಟು ಮಾಡಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಸ್ಪಷ್ಟವಾಗಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಅಥವಾ 75ರಿಂದ 150 ನಿಮಿಷ ಬಿರುಸಿನದು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಆದರೆ 150 ಎಂಬ ಅಂಕಿ ಕೇಳಿಯೇ ಹಿಂಜರಿಯುವವರಿಗೆ ಮೊದಲು ಹೇಳಬೇಕಾದ್ದು ಬೇರೆ. ದೀರ್ಘಕಾಲ ಜನರನ್ನು ಹಿಂಬಾಲಿಸಿದ 15 ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಶಿಫಾರಸಿನ ಅರ್ಧದಷ್ಟು ಮಾಡುವವರಲ್ಲಿ ಏನೂ ಮಾಡದವರಿಗಿಂತ ಖಿನ್ನತೆಯ ಅಪಾಯ ಶೇ 18ರಷ್ಟು ಕಡಿಮೆ, ಪೂರ್ತಿ ಮಾಡುವವರಲ್ಲಿ ಶೇ 25ರಷ್ಟು ಕಡಿಮೆ. ಅಂದರೆ ಲಾಭದ ದೊಡ್ಡ ಪಾಲು ಮೊದಲ ಅರ್ಧದಲ್ಲೇ ಇದೆ. ಮನಸ್ಸು ಕುಗ್ಗಿದವರು ಚಟುವಟಿಕೆಯನ್ನೂ ಕಡಿಮೆ ಮಾಡುತ್ತಾರೆ, ಹಾಗಾಗಿ ಈ ನಂಟು ಎರಡೂ ದಿಕ್ಕಿನದು. ಹಾಗಿದ್ದರೂ ಕುರ್ಚಿ ಬಿಟ್ಟು ಏಳದ ಮನುಷ್ಯ ವಾರಕ್ಕೆ 75 ನಿಮಿಷ ನಡೆದರೆ ಗಳಿಸುವುದು ಬಹಳ.

ಮಧ್ಯಮ ಶ್ರಮ ಅಂದರೇನು ಎಂದು ತಿಳಿಯಲು ಕೈಗಡಿಯಾರದ ಯಂತ್ರ ಬೇಕಿಲ್ಲ. ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಲೆಕ್ಕ ಬೇಕೆನ್ನುವವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. 60 ಮೀಟರ್ ಉದ್ದ, 40 ಮೀಟರ್ ಅಗಲದ ಶಾಲಾ ಮೈದಾನದ ಒಂದು ಸುತ್ತು 200 ಮೀಟರ್ ಆಗುತ್ತದೆ. ಅರ್ಧ ಗಂಟೆಗೆ 3,000 ಹೆಜ್ಜೆ, ಸರಿಸುಮಾರು ಎರಡು ಕಿಲೊಮೀಟರ್, ಅಂದರೆ ಹತ್ತು ಸುತ್ತು.

ಖಿನ್ನತೆ ಇರುವವರು ಈ ಹತ್ತು ಸುತ್ತನ್ನು ಮೊದಲ ದಿನವೇ ಹಾಕಬಾರದು. ಹೆಚ್ಚಿನ ಪ್ರಯತ್ನಗಳು ಮುರಿದುಬೀಳುವುದು ಇಲ್ಲಿಯೇ. ಹುರುಪಿನಲ್ಲಿ ಒಂದು ಗಂಟೆ ನಡೆದವರಿಗೆ ಮರುದಿನ, ಅದರ ಮರುದಿನ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಅಭ್ಯಾಸವಿಲ್ಲದ ಸ್ನಾಯುವಿನ ನೋವು 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿದ್ದು ತಾನಾಗಿಯೇ ಇಳಿಯುತ್ತದೆ. ಆದರೆ ಮೊದಲೇ ಸೋತ ಮನಸ್ಸು ಅದನ್ನು ‘ನನ್ನಿಂದ ಇದೂ ಆಗದು’ ಎಂದು ಓದಿಕೊಳ್ಳುತ್ತದೆ. ಆದ್ದರಿಂದ ಮೊದಲ ಎರಡು ವಾರ, ವಾರಕ್ಕೆ ಮೂರು ದಿನ, ಬರೀ 10 ನಿಮಿಷ. ಮೂರನೇ ಮತ್ತು ನಾಲ್ಕನೇ ವಾರ 15, ಆಮೇಲಿನ ಎರಡು ವಾರ 20, ಹೀಗೆ ಎರಡು ವಾರಕ್ಕೊಮ್ಮೆ ಐದೈದು ನಿಮಿಷ ಏರಿಸಿದರೆ ಒಂಬತ್ತನೇ ವಾರಕ್ಕೆ 30 ನಿಮಿಷಕ್ಕೆ ಮುಟ್ಟುತ್ತೇವೆ. ನಿಮಿಷ ಮುಟ್ಟಿದ ಮೇಲೆ ದಿನಗಳನ್ನು ಮೂರರಿಂದ ಐದಕ್ಕೆ ಏರಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಬಾರದು. ಒಂದು ವಾರ ತಪ್ಪಿದರೆ ಹಿಂದಿನ ವಾರದ ನಿಮಿಷಕ್ಕೆ ಇಳಿದು ಮುಂದುವರಿಸಿದರಾಯಿತು.

ಬೆಳಿಗ್ಗೆ ಐದಕ್ಕೇ ಎದ್ದು ನಡೆಯಬೇಕೆಂಬ ಉಪದೇಶವನ್ನು ಖಿನ್ನತೆ ಇರುವವರಿಗೆ ದಯವಿಟ್ಟು ಮಾಡಬೇಡಿ. ತೀವ್ರ ಖಿನ್ನತೆಯಲ್ಲಿ ಅನೇಕರಿಗೆ ಬೆಳಗಿನ ಹೊತ್ತೇ ಅತ್ಯಂತ ಭಾರ, ಸಂಜೆಯ ಹೊತ್ತಿಗೆ ತುಸು ಹಗುರ. ಹಾಸಿಗೆ ಬಿಟ್ಟು ಏಳಲಾಗದವರನ್ನು ಸೋಮಾರಿ ಎನ್ನುವುದು ಜ್ವರ ಬಂದವರನ್ನು ಮೈ ಯಾಕೆ ಸುಡುತ್ತಿದೆ ಎಂದು ಗದರಿಸಿದಂತೆ. ಅಂಥವರಿಗೆ ಸಂಜೆ ಐದೂವರೆಯ ಗುಂಪು ಬೇಕು, ಹೊರಡುವ ಹೊತ್ತಿಗೆ ಬಾಗಿಲಿಗೆ ಬಂದು ಕರೆಯುವ ಒಬ್ಬರು ಬೇಕು. ನಿದ್ದೆಯ ತೊಂದರೆ ಇದ್ದರೆ ಬಿರುಸಿನ ಆಟವನ್ನು ಮಲಗುವುದಕ್ಕೆ ತೀರ ಹತ್ತಿರ ಇಟ್ಟುಕೊಳ್ಳದಿದ್ದರೆ ಸಾಕು.

ವಿಪರೀತ ಗಾಬರಿಯ ಕಾಯಿಲೆ ಇರುವವರ ವಿಷಯ ಬೇರೆ. ಓಡಿದಾಗ ಎದೆ ಬಡಿತ ಏರುವುದು, ಉಸಿರು ಜೋರಾಗುವುದು, ಬೆವರುವುದು ಸಹಜ. ಗಾಬರಿ ಬಂದಾಗ ಆಗುವುದೂ ಇವೇ. ಹೀಗಾಗಿ ಅವರು ಮೆಟ್ಟಿಲು ಹತ್ತುವುದನ್ನೂ ಬಿಡುತ್ತಾ ಹೋಗುತ್ತಾರೆ, ಬಿಟ್ಟಷ್ಟೂ ಹೆದರಿಕೆ ಬಲಿಯುತ್ತದೆ. ಒಂದು ಮಹಡಿ ಹತ್ತಿ ನಿಂತು, ಬಡಿತ ಏರಿದ್ದು ಎರಡು ಮೂರು ನಿಮಿಷದಲ್ಲಿ ತಾನೇ ಇಳಿಯುವುದನ್ನು ಗಮನಿಸುವುದು, ಕೆಲವು ದಿನ ಬಿಟ್ಟು ಎರಡು ಮಹಡಿ ಹತ್ತುವುದು: ಇದು ಅವರಿಗೆ ವ್ಯಾಯಾಮವೂ ಹೌದು, ಚಿಕಿತ್ಸೆಯೂ ಹೌದು. ಹೃದಯದ ತೊಂದರೆ ಇಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ ಆರಂಭಿಸಬೇಕು, ಅಷ್ಟೇ.

ಹೃದಯದ ಮಾತು ಬಂತಾದ್ದರಿಂದ ಹೇಳಲೇಬೇಕು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದರು. ವ್ಯಾಯಾಮ ಮಾಡಿದರೆ ಎದೆಗೆ ಅಪಾಯ ಎಂಬ ಭಯ ಅಂದಿನಿಂದ ಇನ್ನಷ್ಟು ಬೇರೂರಿದೆ. ನಿಧಾನವಾಗಿ ಏರಿಸುವ ನಡಿಗೆ ಬಹುಪಾಲು ಜನರಿಗೆ ಸುರಕ್ಷಿತ. ವರ್ಷಗಟ್ಟಲೆ ಕುಳಿತಿದ್ದು ಒಮ್ಮೆಲೇ ಬಿರುಸಿಗೆ ಇಳಿಯುವುದು ಅಪಾಯ. ನಡೆಯುವಾಗ ಎದೆ ಬಿಗಿಯುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು, ಎಂದಿಲ್ಲದ ಏದುಸಿರು – ಇವುಗಳಲ್ಲಿ ಒಂದು ಕಂಡರೂ ನಿಂತು 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಖಾಲಿ ಹೊಟ್ಟೆಯಲ್ಲಿ ದೂರ ನಡೆಯಬಾರದು, ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ.

ಮನೋರೋಗದ ಔಷಧಿ ಸೇವಿಸುವವರಿಗೆ ಒಂದೆರಡು ಎಚ್ಚರಿಕೆಗಳಿವೆ, ಇವನ್ನು ಹೇಳುವವರು ಕಡಿಮೆ. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ವಿಷದ ಮಟ್ಟಕ್ಕೆ ಏರಬಹುದು. ಕೈ ನಡುಕ ಹೆಚ್ಚಾಗುವುದು, ಭೇದಿ, ನಡಿಗೆ ತಡವರಿಸುವುದು ಅದರ ಸೂಚನೆ. ಚಿತ್ತವಿಕಲತೆಗೆ ಕೊಡುವ ಕೆಲವು ಔಷಧಿಗಳು ದೇಹ ಶಾಖವನ್ನು ಹೊರಹಾಕುವ ಶಕ್ತಿಯನ್ನು ತಗ್ಗಿಸುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಅದೇ ಔಷಧಿಗಳಲ್ಲಿ ಕೆಲವು ತೂಕ ಮತ್ತು ಸಕ್ಕರೆ ಅಂಶ ಏರಿಸುವುದರಿಂದ ಅವರಿಗೇ ನಡಿಗೆಯ ಅಗತ್ಯ ಹೆಚ್ಚು. ಹೊತ್ತು ನೋಡಿ, ನೆರಳು ನೋಡಿ, ನೀರು ಕುಡಿದು ನಡೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಡಿಗೆ ಶುರುವಾಯಿತೆಂದು ಮಾತ್ರೆ ನಿಲ್ಲಿಸಬಾರದು. ಸಾಯುವ ಯೋಚನೆ ಬರುತ್ತಿರುವವರಿಗೆ ‘ಓಡು, ಸರಿಹೋಗುತ್ತೆ’ ಎನ್ನುವುದು ಕ್ರೌರ್ಯ. ಅವರಿಗೆ ಅಂದೇ ವೈದ್ಯರು ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ಹಗಲು ರಾತ್ರಿ ತೆರೆದಿರುತ್ತದೆ.

ಬರೀ ನಡಿಗೆಯೇ ಯಾಕೆ? 218 ಪ್ರಯೋಗಗಳನ್ನು ಒಟ್ಟಿಗೆ ಅಳೆದು 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ನಡಿಗೆ ಮತ್ತು ಓಟದ ಜೊತೆ ಯೋಗ, ಭಾರ ಎತ್ತುವ ವ್ಯಾಯಾಮಗಳೂ ಖಿನ್ನತೆಗೆ ಒಳ್ಳೆಯ ಫಲ ಕೊಟ್ಟಿದ್ದವು. ಭಾರಕ್ಕೆ ಜಿಮ್ ಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಎಂಟು ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ದಂಡ ಹೊಡೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಐದು ಲೀಟರಿನ ಎರಡು ನೀರಿನ ಕ್ಯಾನ್ ಹಿಡಿದು 20 ಮೀಟರ್ ನಡೆಯುವುದು. ಎರಡೆರಡು ಸುತ್ತು, ವಾರಕ್ಕೆ ಎರಡು ದಿನ. ವಯಸ್ಸಾದವರಿಗೆ ಇದರಿಂದ ಬೀಳುವ ಭಯ ಕಡಿಮೆಯಾಗುತ್ತದೆ. ಬೀಳುವ ಭಯವೇ ಅನೇಕ ವೃದ್ಧರನ್ನು ಮನೆಯೊಳಗೆ ಕೂಡಿಹಾಕಿ ಒಂಟಿಯಾಗಿಸಿರುವುದು.

ಹೆಂಗಸರ ವಿಷಯಕ್ಕೆ ಬಂದರೆ ‘ಮನೆಗೆಲಸವೇ ವ್ಯಾಯಾಮ, ಇನ್ನೇನು ಬೇಕು’ ಎಂಬ ಮಾತು ಕೇಳಿಬರುತ್ತದೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ; ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಇನ್ನು, ಬಿಡುವಿನಲ್ಲಿ ತನ್ನಿಷ್ಟದಿಂದ ಮಾಡುವ ಚಟುವಟಿಕೆಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟು ದುಡಿಮೆಯ ಶ್ರಮಕ್ಕೂ ನೆಮ್ಮದಿಗೂ ಕಾಣುವುದಿಲ್ಲ. ಒಲೆ, ಬಟ್ಟೆ, ಪಾತ್ರೆಯ ಶ್ರಮದಲ್ಲಿ ಆಯ್ಕೆಯಿಲ್ಲ, ಜೊತೆಯಿಲ್ಲ, ನಗುವಿಲ್ಲ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತ ಗಾರ್ಮೆಂಟ್ಸ್ ಕಾರ್ಮಿಕಳ ಬೆನ್ನಿನ ದಣಿವನ್ನು ಥ್ರೋಬಾಲ್ ಆಡಿದ ದಣಿವಿನೊಂದಿಗೆ ಒಂದೇ ತಕ್ಕಡಿಯಲ್ಲಿ ಇಡಬಾರದು. ಅವಳಿಗೆ ಬೆಳಕಿರುವ, ಶೌಚಾಲಯ ತೆರೆದಿರುವ, ನಾಲ್ಕು ಜನ ಗೊತ್ತಿರುವ ಮೈದಾನ ಮನೆಯ ಹತ್ತಿರವೇ ಬೇಕು.

ಮಕ್ಕಳ ಆಟದ ಪೀರಿಯಡ್ ಉಳಿದ ಕಡೆಯೂ ಅದು ನಡೆಯುವ ರೀತಿ ಸರಿಯಿಲ್ಲ. 40 ಮಕ್ಕಳ ತರಗತಿಯಲ್ಲಿ ಒಂದೇ ಖೋ ಖೋ ಅಂಕಣ ಹಾಕಿದರೆ ಒಮ್ಮೆಗೆ ಆಡುವವರು 12 ಮಂದಿ: ಒಂಬತ್ತು ಬೆನ್ನಟ್ಟುವವರು, ಮೂವರು ಓಡುವವರು. ಬೆನ್ನಟ್ಟುವವರಲ್ಲೂ ಎಂಟು ಮಂದಿ ಕುಳಿತಿರುತ್ತಾರೆ. ಉಳಿದ 28 ಮಕ್ಕಳು ನೋಡುತ್ತಾ ನಿಲ್ಲುತ್ತಾರೆ, ದಪ್ಪಗಿರುವ, ಹಿಂಜರಿಯುವ ಮಗು ವರ್ಷವಿಡೀ ಆ 28ರಲ್ಲೇ ಇರುತ್ತದೆ. ತರಗತಿಯನ್ನು ಹತ್ತತ್ತರ ನಾಲ್ಕು ಗುಂಪು ಮಾಡಿ ಒಂದು ಕಡೆ ಲಗೋರಿ, ಒಂದು ಕಡೆ ರಿಲೇ, ಒಂದು ಕಡೆ ಹಗ್ಗದಾಟ, ಇನ್ನೊಂದು ಕಡೆ ಕಬಡ್ಡಿ ಇಟ್ಟು ಎಂಟು ಹತ್ತು ನಿಮಿಷಕ್ಕೊಮ್ಮೆ ಬದಲಿಸಿದರೆ 40 ನಿಮಿಷದಲ್ಲಿ ಎಲ್ಲರೂ ಬೆವರುತ್ತಾರೆ. ತಂಡದ ಆಯ್ಕೆಯನ್ನು ನಾಯಕರಿಗೆ ಬಿಟ್ಟರೆ ಕೊನೆಗೆ ಉಳಿಯುವ ಮಗು ಯಾವುದೆಂದು ಎಲ್ಲರಿಗೂ ಗೊತ್ತಿರುತ್ತದೆ. ಸಾಲಿನಲ್ಲಿ ಎಣಿಸಿ ಹಂಚಿ. ಇನ್ನೊಂದು ಕೆಟ್ಟ ರೂಢಿ, ಹೋಮ್‌ವರ್ಕ್ ಮಾಡದವರಿಗೆ ಮೈದಾನ ಸುತ್ತಿಸುವುದು, ಬಸ್ಕಿ ಹೊಡೆಸುವುದು. ಮೈ ದಣಿಸುವುದೆಂದರೆ ಅವಮಾನ ಎಂಬ ಪಾಠ ಹತ್ತು ವರ್ಷಕ್ಕೇ ಕಲಿತ ಮಗು ನಲವತ್ತಕ್ಕೆ ನಡಿಗೆಗೆ ಹೊರಡುವುದು ಕಷ್ಟ. ಪರೀಕ್ಷೆಯ ತಿಂಗಳಲ್ಲಿ ಈ ಪೀರಿಯಡ್ ಇನ್ನೂ ಮುಖ್ಯ. ನಿದ್ದೆ, ಗಮನ, ಆತಂಕ ಮೂರಕ್ಕೂ ಅದೇ ಆಸರೆ.

ಆಟ ಸಮಾಜಕ್ಕೆ ಕೊಡುವುದು ಆರೋಗ್ಯವನ್ನಷ್ಟೇ ಅಲ್ಲ. ಕಬಡ್ಡಿಯಲ್ಲಿ ಕೈ ಹಿಡಿದು ಸರಪಳಿ ಕಟ್ಟಬೇಕು, ಕಾಲು ಹಿಡಿದು ಉರುಳಿಸಬೇಕು, ಒಬ್ಬರ ಮೇಲೊಬ್ಬರು ಬೀಳಬೇಕು. ಮುಟ್ಟುವುದನ್ನೇ ಅಪರಾಧ ಮಾಡಿಟ್ಟುಕೊಂಡ ಕೇರಿ ಮತ್ತು ಊರಿನ ಮಕ್ಕಳು ಒಂದೇ ತಂಡದಲ್ಲಿ ಹೀಗೆ ಬೆರೆಯಲು ಇನ್ನೆಲ್ಲಿ ಜಾಗವಿದೆ? ತಂಡಗಳನ್ನು ಓಣಿವಾರು ಮಾಡಿದರೆ ಮಾತ್ರ ಇದೇ ಮೈದಾನ ಜಗಳದ ಕಣವಾಗುತ್ತದೆ. ಅದಕ್ಕಾಗಿ ತಂಡಗಳನ್ನು ಪ್ರತಿ ವಾರ ಬೆರೆಸಬೇಕು.

ಈಗ ಬೀಗದ ವಿಷಯ. ಮುಖ್ಯಶಿಕ್ಷಕರ ಅಂಜಿಕೆ ನ್ಯಾಯವಾದದ್ದು. ಬೆಳಿಗ್ಗೆ ಬಂದು ನೋಡಿದರೆ ಒಡೆದ ಬಾಟಲಿ, ಮುರಿದ ನಲ್ಲಿ, ಕಾರಿಡಾರಿನಲ್ಲಿ ಇಸ್ಪೀಟು ಎಲೆ. ಆದರೆ ಇವೆಲ್ಲ ನಡೆಯುವುದು ಬೀಗ ಹಾಕಿದ ಮೈದಾನದಲ್ಲೇ, ಕಾಂಪೌಂಡ್ ಹಾರಿ ಬಂದವರಿಂದ. ಹತ್ತಾರು ಜನ ನಡೆದಾಡುವ, ದೀಪ ಉರಿಯುವ ಜಾಗದಲ್ಲಿ ಕುಡಿಯಲು ಕೂರುವವರು ಕಡಿಮೆ. ತರಗತಿ ಕೋಣೆಗಳಿಗೆ ಬೀಗ ಇರಲಿ, ಹೊರ ಗೇಟು ಬೆಳಿಗ್ಗೆ 5.30ರಿಂದ 8, ಸಂಜೆ 5ರಿಂದ 8 ತೆರೆದಿರಲಿ. ಕೀಲಿ ಇಬ್ಬರ ಬಳಿ ಇರಬೇಕು. ಒಬ್ಬರ ಬಳಿಯೇ ಇದ್ದರೆ ಅವರು ಮದುವೆಗೆ ಹೋದ ದಿನ ಗುಂಪು ಒಡೆಯುತ್ತದೆ. 50 ವಾಟ್‌ನ ನಾಲ್ಕು ಎಲ್‌ಇಡಿ ದೀಪಗಳು ಮೂರು ಗಂಟೆ ಉರಿದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಇಷ್ಟನ್ನು ಗ್ರಾಮ ಪಂಚಾಯಿತಿ ಭರಿಸಬಲ್ಲದು. ಒಂದು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ, ಕ್ರೇಪ್ ಬ್ಯಾಂಡೇಜ್ ಮತ್ತು ಓಆರ್‌ಎಸ್ ಇರುವ ಡಬ್ಬಿ ಸಾಕು. ಗುಂಡಿಗಳಿಗೆ ಮೊರಂ ತುಂಬಿ ತುಳಿಸಬೇಕು, ಕಣಕಾಲು ಉಳುಕುವುದು ಹೆಚ್ಚಾಗಿ ಅಲ್ಲಿಯೇ.

ಗೇಟು ತೆರೆದ ಮೊದಲ ತಿಂಗಳಲ್ಲೇ ಬರುವ ತೊಂದರೆ ಬೇರೆ: ಟೆನಿಸ್ ಬಾಲ್ ಕ್ರಿಕೆಟ್. ಇಪ್ಪತ್ತು ಹುಡುಗರು ಇಡೀ ಮೈದಾನ ಹಿಡಿದರೆ ಹೆಣ್ಣುಮಕ್ಕಳು, ವಯಸ್ಸಾದವರು ಮೂರನೇ ದಿನ ಬರುವುದಿಲ್ಲ. ಸುತ್ತಲೂ ಎರಡು ಮೀಟರ್ ಅಗಲದ ಪಟ್ಟಿಯನ್ನು ಸುಣ್ಣದಲ್ಲಿ ಗುರುತಿಸಿ ನಡಿಗೆಗೆ ಬಿಡಬೇಕು. ಒಂದು ಬದಿಯಲ್ಲಿ ಮಹಿಳಾ ಕಬಡ್ಡಿಯ 12 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ, ಇನ್ನೊಂದು ಬದಿಯಲ್ಲಿ 18ಕ್ಕೆ 9 ಮೀಟರಿನ ವಾಲಿಬಾಲ್ ಅಂಕಣ ಕಾಯಂ ಇರಲಿ. ಕ್ರಿಕೆಟ್‌ಗೆ ಭಾನುವಾರ ಬೆಳಿಗ್ಗೆ ಸಾಕು. ಉದ್ಯಾನಗಳಲ್ಲಿ ಓಪನ್ ಜಿಮ್ ಯಂತ್ರ ನಿಲ್ಲಿಸಿ ರಿಬ್ಬನ್ ಕತ್ತರಿಸುವುದು ಈಗ ವಾಡಿಕೆಯಾಗಿದೆ. ಬೇರಿಂಗ್‌ಗೆ ಗ್ರೀಸ್ ಹಾಕುವವರಿಲ್ಲದೆ ಕಿರುಗುಟ್ಟಿ ತುಕ್ಕು ಹಿಡಿಯುವ ಆ ಯಂತ್ರಗಳ ಹಣವನ್ನು ದೀಪಕ್ಕೆ, ನೆಲ ಸಮ ಮಾಡಲು, ಮುಂದಾಳಿನ ಗೌರವಧನಕ್ಕೆ ಕೊಟ್ಟರೆ ಹೆಚ್ಚು ಜನರಿಗೆ ದಕ್ಕುತ್ತದೆ. ಬೆಂಗಳೂರಿನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ 2024ರ ತೀರ್ಮಾನ ಒಳ್ಳೆಯದೇ, ಆದರೆ ಅಲ್ಲಿ ನಡೆಯಬಹುದೇ ಹೊರತು ಆಡುವಂತಿಲ್ಲ.

ಮುಂದಾಳು ಯಾರು? ಆಶಾ ಕಾರ್ಯಕರ್ತೆಯರ ತಲೆಗೆ ಇನ್ನೊಂದು ಬಿಟ್ಟಿ ಕೆಲಸ ಹೊರಿಸಬೇಡಿ. ನಿವೃತ್ತ ದೈಹಿಕ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಗೌರವಧನ ಕೊಟ್ಟು ಕರೆಯಬಹುದು. ಅವರ ಕೆಲಸ ಕಸರತ್ತು ಕಲಿಸುವುದಕ್ಕಿಂತ ಹಾಜರಿ ಇಡುವುದು: ಎರಡು ಸಲ ಬರದವರಿಗೆ ಮೂರನೇ ದಿನ ಫೋನು, ಬೇಕಾದರೆ ಮನೆಗೆ. ಖಿನ್ನತೆಯ ಗುರುತು, ಸಾಯುವ ಮಾತಿನ ಗುರುತು, ಯಾರಿಗೆ ಕಳಿಸಬೇಕು ಎಂಬಷ್ಟನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎರಡು ದಿನದಲ್ಲಿ ಕಲಿಸಬಲ್ಲದು. ಆ ಕಾರ್ಯಕ್ರಮಕ್ಕೆ ದೇಶದಲ್ಲೇ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೋರೋಗಗಳಿಗೆ ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ 70ರಿಂದ 92. ಇಷ್ಟು ಜನರನ್ನು ಆಸ್ಪತ್ರೆಗಳೇ ತಲುಪಲಾರವು. ಮೈದಾನದ ಹಾಜರಿ ಪುಸ್ತಕ ಅವರಲ್ಲಿ ಕೆಲವರನ್ನಾದರೂ ಮೊದಲು ಗುರುತಿಸಬಹುದು.

ಹೊಸ ಕಾಯ್ದೆ ಬೇಕಿಲ್ಲ. ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಕರ್ನಾಟಕದ 1985ರ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯೂ ಇದೆ. ಬೇಕಾದ್ದು ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ. ಗೇಟು ತೆರೆಯುವ ಹೊತ್ತು, ಕೀಲಿ ಇಡುವ ಇಬ್ಬರ ಹೆಸರು, ವಿದ್ಯುತ್ ಬಿಲ್ ಕಟ್ಟುವವರು, ಹಾನಿಯಾದರೆ ದುರಸ್ತಿ ಮಾಡಿಸುವವರು – ಈ ನಾಲ್ಕನ್ನು ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮತ್ತು ಪಂಚಾಯಿತಿ ಸಹಿ ಹಾಕಿದ ಒಂದು ಪುಟದ ಒಪ್ಪಂದಕ್ಕೆ ಆ ಸುತ್ತೋಲೆ ಅವಕಾಶ ಕೊಟ್ಟು, ಅನಾಹುತವಾದರೆ ಮುಖ್ಯಶಿಕ್ಷಕರೊಬ್ಬರನ್ನೇ ಹೊಣೆ ಮಾಡುವುದಿಲ್ಲ ಎಂದು ಸ್ಪಷ್ಟಪಡಿಸಬೇಕು. ಆ ಒಂದು ವಾಕ್ಯ ಇಲ್ಲದಿರುವುದರಿಂದಲೇ ಬಹುತೇಕ ಬೀಗಗಳು ಬಿದ್ದಿವೆ.

ಇಂತಿ,
ಸಮುದಾಯ ಆರೋಗ್ಯ ಕ್ಷೇತ್ರದ ಓದುಗರೊಬ್ಬರು, ಧಾರವಾಡ